ಜೋಳದ ಹೊಲದ ಕಾಫಿ

ಗ್ರೇಟರ್ ನೋಯ್ಡಾ
ಸೋಮವಾರ, ೧೯ ನವೆಂಬರ್ ೨೦೦೭

ಕಾಫಿಕುಲತಿಲಕೆ, ನನ್ನ ಫೋನೆತ್ತದ ಮಹಾತಾಯಿ ಅನನ್ಯಾಗೆ,

ಮಹಂತೇಶನ ಸಾಷ್ಟಾಂಗ ನಮಸ್ಕಾರ. ಫೋನ್ ಮಾಡಿದರೆ ಕಟ್ ಮಾಡುತ್ತೀ, ಮೆಸೇಜು ಓದದೆಯೇ ಅಳಿಸುತ್ತೀ. ಅದಕ್ಕೇ ದೆಹಲಿಯ ಕರೋಲ್ ಬಾಗಿನ ನಿನ್ನ ಚಿಕ್ಕಮ್ಮನ ಮನೆಗೆ ಈ ಕಾಗದ. ನೀನು ಹರಿದು ಹಾಕಿದರೂ ರತ್ನಾ ಚಿಕ್ಕಮ್ಮ ಚೂರು ಜೋಡಿಸಿ ಓದಿಯೇ ಓದುತ್ತಾರೆಂಬ ಭರವಸೆ ನನಗಿದೆ. ನಮಸ್ಕಾರ, ಚಿಕ್ಕಮ್ಮ.

ನೀನು ಹೊರಿಸಿರುವ ಆರೋಪ ಕಿವಿಗೆ ಬಿದ್ದಿದೆ. ಮಾಲೀಕರು ನಿನ್ನನ್ನು ಕಾಫಿ ಅಂಗಡಿಯ ಕೆಲಸದಿಂದ ಓಡಿಸಿದ ಮರುದಿನವೇ ಕಾಫಿ ತೋಟದ ಕುಲಪುತ್ರನೆಂದು ಗೋಡೆ ಮೇಲೆ ಫೋಟೊ ಹಾಕಿಸಿಕೊಂಡ ಕಳ್ಳ ನಾನು. ಆರೋಪ ಸತ್ಯ. ಫೋಟೊದಲ್ಲಿ ನನ್ನ ತಲೆಗೊಂದು ಹ್ಯಾಟೂ ಇದೆ. ಅದು ಮಾಲೀಕರ ಮಗ ಗಲ್ಲಿ ಕ್ರಿಕೆಟ್ಟಿಗೆ ಅಂಪೈರಾದಾಗ ಹಾಕಿಕೊಳ್ಳುವುದು.

ಚಿಕ್ಕಮ್ಮನವರ ತಿಳಿವಳಿಕೆಗಾಗಿ ಹಿಂದಿನದನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ನಮ್ಮ ಮಾಲೀಕ ಸೂದ್ ಸಾಹೇಬರು ಕಾಫಿಗೆ ಕೈ ಹಾಕುವ ಮುಂಚೆ ಬಚ್ಚಲುಮನೆಯ ಟೈಲ್ಸು, ಕಮೋಡು ಮಾರುತ್ತಿದ್ದವರು. ಇವತ್ತಿಗೂ ಹೊಸ ಕಪ್ಪು ಬಂದರೆ ಬೆರಳಲ್ಲಿ ತಟ್ಟಿ ಸದ್ದು ಕೇಳುತ್ತಾರೆ. ಒಳಗಿನ ಕಾಫಿಗೆ ಅಷ್ಟು ಪರೀಕ್ಷೆ ಇಲ್ಲ. ಚೀಲದ ಮೇಲೆ ಇಟಲಿ ಅಂತ ಬರೆದಿದ್ದರೆ ಮುಗ್ಗಲು ಬೀಜವೂ ದೇವರ ಪ್ರಸಾದ. ಅದು ಮುಗ್ಗಲು ಅಂತ ನೀನು ಗಿರಾಕಿಗಳ ಎದುರೇ ಹೇಳಿಬಿಟ್ಟೆ. ಸೋಮವಾರಪೇಟೆಯಿಂದ ನಿನ್ನಪ್ಪ ಗೋಪಿನಾಥರು ತಾವೇ ಬೆಳೆದು ಹುರಿಸಿ ಕಳಿಸಿದ್ದ ಬೀಜದ ಡಬ್ಬಿ ತೆಗೆದು, ಇದನ್ನು ಮೂಸಿ ನೋಡಿ ಸರ್ ಅಂದೆ. ಮೂಸಿದರು. ಹಳ್ಳಿ ವಾಸನೆ ಅಂದರು. ಡಬ್ಬಿಯನ್ನು ಕಸಕ್ಕೆ ಹಾಕು ಅಂತ ನನಗೆ ಹೇಳಿ, ನಿನ್ನನ್ನು ಬಾಗಿಲಾಚೆ ಕಳಿಸಿದರು. ಆಗ ನಾನೇನು ಮಾಡಿದೆ? ತಲೆ ತಗ್ಗಿಸಿ ಹಾಲು ಕಾಸುತ್ತಿದ್ದೆ. ಈ ಶೌರ್ಯಕ್ಕೆ ಒಂದು ವೀರಗಲ್ಲು ನಿಲ್ಲಿಸಬಹುದು.

ಡಬ್ಬಿಯನ್ನು ಮಾತ್ರ ಕಸಕ್ಕೆ ಹಾಕಲಿಲ್ಲ. ಫ್ರಿಜ್ಜಿನ ಹಿಂದೆ ಬಚ್ಚಿಟ್ಟೆ.

ಮರುದಿನ ಎದುರಿನ ಅಂಗಡಿಯವರು ತಮ್ಮದು ಸ್ವಂತ ತೋಟದ ಕಾಫಿ ಅಂತ ಬೋರ್ಡು ಹಾಕಿದರು. ಸೂದ್ ಸಾಹೇಬರಿಗೆ ತಕ್ಷಣ ತೋಟದ ಬಯಕೆ ಶುರುವಾಯಿತು, ಬಸುರಿಗೆ ಮಾವಿನಕಾಯಿಯ ಹಾಗೆ. ನನ್ನನ್ನು ಕರೆದು, ನೀನೂ ಕರ್ನಾಟಕದವನೇ ಅಲ್ಲವಾ ಬೇಟಾ, ನಿಮ್ಮ ಮನೆಯಲ್ಲೂ ಕಾಫಿ ಬೆಳೀತಾರಲ್ಲಾ, ಅಂದರು. ಬಿಜಾಪುರ ಜಿಲ್ಲೆ ಇಂಡಿ ತಾಲೂಕಿನಲ್ಲಿ ಕಾಫಿ! ಅದು ಗಿಡವೋ ಬಳ್ಳಿಯೋ ನನಗೆ ಈ ಗಳಿಗೆಯವರೆಗೂ ಗೊತ್ತಿಲ್ಲ. ಆದರೂ ಪೂರ್ವಜರನ್ನು ನೆನೆದವನಂತೆ ಕಣ್ಣು ಮುಚ್ಚಿ, ನಾಲ್ಕು ತಲೆಮಾರಿನಿಂದ ಸರ್, ಅಂದೆ. ನಂಬಿದರು. ಈ ಊರಿನವರಿಗೆ ವಿಂಧ್ಯದ ಕೆಳಗಿರುವುದೆಲ್ಲ ಒಂದೇ ತೋಟ.

ಮೊನ್ನೆ ಶನಿವಾರ ಅಂಗಡಿಯಲ್ಲಿ ಕಾಫಿ ರುಚಿ ನೋಡುವ ಮಹಾಸಮಾರಂಭ. ಬಂದವರು ಬಿಲ್ಡರುಗಳು, ಬಿಲ್ಡರುಗಳ ಹೆಂಡತಿಯರು, ಒಬ್ಬ ಕಾಲೇಜು ಡೈರೆಕ್ಟರು. ಕಪ್ಪಿಗೆ ನಾಲ್ಕು ಚಮಚ ಸಕ್ಕರೆ ಸುರಿದುಕೊಂಡು ಕಹಿಯ ಸೂಕ್ಷ್ಮ ಚರ್ಚಿಸುವ ಪಂಡಿತರು. ಮೊದಲು ಇಟಲಿಯ ಕಾಫಿ, ಆಮೇಲೆ ನಮ್ಮ ವಂಶದ ಕಾಫಿ, ಅಂದರೆ ನಿನ್ನ ಡಬ್ಬಿಯದು. ಅದನ್ನು ಪುಟ್ಟ ಗೋಣಿಚೀಲಕ್ಕೆ ಸುರಿದು ಕುಂಕುಮ ಹಚ್ಚಿಟ್ಟಿದ್ದೆ.

ನಡುವೆ ಪರಂಪರೆಯ ಬಗ್ಗೆ ನನ್ನ ಉಪನ್ಯಾಸ. ನನಗೆ ಗೊತ್ತಿರುವ ಬೆಳೆ ಒಂದೇ, ಜೋಳ. ಜೋಳ ಅನ್ನಬೇಕಾದಲ್ಲೆಲ್ಲ ಕಾಫಿ ಅಂದೆ, ಅಷ್ಟೇ. ಕಾಫಿ ತೆನೆ ಕಟ್ಟಿದಾಗ ನಮ್ಮಜ್ಜ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಗುಬ್ಬಿ ಓಡಿಸುತ್ತಿದ್ದರು ಅಂದೆ. ಕಾಫಿಯನ್ನು ಕಣದಲ್ಲಿ ಹರಡಿ ಎತ್ತುಗಳಿಂದ ತುಳಿಸಿ ಗಾಳಿಗೆ ತೂರುತ್ತಿದ್ದೆವು ಅಂದೆ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಸೀತನಿ ಉದುರಿಸಿಕೊಂಡು ಬೆಲ್ಲದ ಜೊತೆ ತಿನ್ನುತ್ತಿದ್ದೆವು ಅಂದೆ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಡೈರೆಕ್ಟರು ಬರೆದುಕೊಂಡರು. ಒಬ್ಬ ಬಿಲ್ಡರು ಕಪ್ಪಿನೊಳಗೆ ಮೂಗು ಇಳಿಸಿ, ಎತ್ತಿನ ಗೊರಸಿನ ಘಮ ಸ್ಪಷ್ಟವಾಗಿದೆ ಅಂತ ತೀರ್ಪು ಕೊಟ್ಟ. ಬರುವ ತಿಂಗಳಿಂದ ಮೆನುವಿನಲ್ಲಿ ಸೀತನಿ ಲಾಟೆ ಇರುತ್ತದೆ. ಮಾಡುವುದು ಹೇಗೆಂದು ದೇವರೇ ಬಲ್ಲ.

ಆಗ ಹಿಂದಿನ ಕುರ್ಚಿಯಿಂದ ಒಂದು ನಗು ಬಂತು. ವಿಮಲಾ ಅಂತ, ಗಂಡ ಕೇಂದ್ರ ಸರ್ಕಾರದಲ್ಲಿ ದೊಡ್ಡ ಅಧಿಕಾರಿ, ತವರುಮನೆ ಧಾರವಾಡ. ಎಲ್ಲರೆದುರು ಅಚ್ಚ ಕನ್ನಡದಲ್ಲಿ, ಏನೋ ತಮ್ಮಾ, ಈ ಕಾಫಿಯ ರೊಟ್ಟಿ ಯಾವಾಗ ಬಡೀತೀರಿ, ಅಂತ ಕೇಳಿದರು. ಹ್ಯಾಟಿನೊಳಗೆ ನನ್ನ ನೆತ್ತಿ ಬೆವೆತಿತು. ಏನಂದರು ಅಂತ ಸೂದ್ ಸಾಹೇಬರು ಕೇಳಿದರು. ನಮ್ಮಜ್ಜನ ಆರೋಗ್ಯ ವಿಚಾರಿಸುತ್ತಿದ್ದಾರೆ ಅಂದೆ. ಮೆಲ್ಲಗೆ ಆಕೆಯ ಹತ್ತಿರ ಸರಿದು, ಅಕ್ಕಾರೆ, ಹೊಟ್ಟೆ ಮೇಲೆ ಹೊಡೀಬೇಡ್ರಿ, ಅಂತ ಕೈ ಮುಗಿದೆ. ಅವರು ನಗುತ್ತಲೇ ಎರಡನೇ ಕಪ್ಪು ಎತ್ತಿ ಕುಡಿದರು. ನಗು ನಿಂತಿತು. ಇನ್ನೊಂದು ಗುಟುಕು ಕುಡಿದು, ನಿನ್ನ ಕಥೀ ಪೂರಾ ಸುಳ್ಳು, ಈ ಕಾಫಿ ಖರೆ, ಇದು ಯಾರದು, ಅಂತ ಪಿಸುಗುಟ್ಟಿ ಕೇಳಿದರು.

ನಿನ್ನಪ್ಪನ ಹೆಸರು ಹೇಳಿದೆ. ಆ ದಿನ ನನ್ನ ಬಾಯಿಂದ ಬಂದ ನಿಜ ಅದೊಂದೇ. ಆಕೆ ಸೂದ್ ಸಾಹೇಬರ ಕಡೆ ತಿರುಗಿ, ಇನ್ನು ಮೇಲೆ ಇದೇ ಇದ್ದರೆ ಬರುತ್ತೇನೆ, ಆ ಇಟಲಿಯದನ್ನು ನಿಮ್ಮ ಕಮೋಡಿಗೇ ಸುರಿಯಿರಿ, ಅಂತ ಹಿಂದಿಯಲ್ಲಿ ಹೇಳಿ ಎದ್ದು ಹೋದರು.

ಅನನ್ಯಾ, ಅವತ್ತಿನ ಹಳ್ಳಿ ವಾಸನೆ ಸೂದ್ ಸಾಹೇಬರಿಗೆ ಈಗ ಮಣ್ಣಿನ ಸುಗಂಧವಾಗಿದೆ. ಅದೇ ಬೀಜ, ಅದೇ ಮೂಗು. ಈ ಸಲದ ಪೂರ್ತಿ ಫಸಲು ತಮಗೇ ಬೇಕಂತೆ, ತೋಟದ ಯಜಮಾನರ ಜೊತೆ ಮಾತಾಡಿಸು ಅಂತ ಪ್ರಾಣ ತಿನ್ನುತ್ತಿದ್ದಾರೆ. ನಮ್ಮ ಮನೆತನದಲ್ಲಿ ವ್ಯವಹಾರವೆಲ್ಲ ಹೆಣ್ಣುಮಕ್ಕಳದು ಸರ್, ಕರೋಲ್ ಬಾಗಿನಲ್ಲಿ ಒಬ್ಬರಿದ್ದಾರೆ, ನೀವೇ ಹೋಗಿ ಕೇಳಬೇಕು, ಅಂದಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಬರುತ್ತಾರೆ. ಅವರ ದೊಡ್ಡ ಕಾರು ನಿಮ್ಮ ಗಲ್ಲಿಯೊಳಗೆ ಹೋಗುವುದಿಲ್ಲ, ಸೈಕಲ್ ರಿಕ್ಷಾದಲ್ಲಿ ಮೊಣಕಾಲು ಮಡಿಸಿಕೊಂಡು ಕೂತು ಬರಬೇಕು. ಅದೂ ನನ್ನ ಯೋಜನೆಯ ಭಾಗವೇ.

ಬಾಗಿಲು ತೆಗೆಯುವುದು ಯಾರೆಂದು ಅವರಿಗೆ ಗೊತ್ತಿಲ್ಲ. ನಿನಗೆ ಇಷ್ಟವಿದ್ದರೆ ಒಳಗೆ ಕರೆದು ಕೂರಿಸಿ ನಿನ್ನ ಷರತ್ತು ಹೇಳು. ಚೀಲದ ಮೇಲೆ ನಿನ್ನಪ್ಪನ ಹೆಸರು, ಗೋಡೆಯ ಮೇಲಿಂದ ನನ್ನ ಫೋಟೊ ಕೆಳಗೆ. ಇಷ್ಟವಿಲ್ಲದಿದ್ದರೆ ಇರುವ ವಿಷಯ ಇದ್ದ ಹಾಗೆ ಹೇಳಿ ಬಾಗಿಲು ಹಾಕಿಕೋ. ನನ್ನ ಕೆಲಸ ಹೋಗುತ್ತದೆ, ಹ್ಯಾಟು ಅಂಪೈರನಿಗೆ ಹಿಂತಿರುಗುತ್ತದೆ. ಎರಡರಲ್ಲಿ ಯಾವುದಾದರೂ ಸರಿ. ಈ ಸಲ ನಾನು ಹಾಲು ಕಾಸುತ್ತಾ ನಿಂತಿರುವುದಿಲ್ಲ, ರಿಕ್ಷಾದಲ್ಲಿ ಅವರ ಪಕ್ಕದಲ್ಲೇ ಇರುತ್ತೇನೆ.

ಇಂತಿ,
ಇಲ್ಲದ ತೋಟದ ಏಕೈಕ ವಾರಸುದಾರ,
ಮಹಂತೇಶ

ತಾ.ಕ.: ಒಂದು ಸಣ್ಣ ತೊಡಕಿದೆ. ಜನವರಿಯಲ್ಲಿ ಸೂದ್ ಸಾಹೇಬರು ಫೋಟೊಗ್ರಾಫರನ ಜೊತೆ ತೋಟಕ್ಕೆ ಬರುತ್ತಾರಂತೆ, ನಾನು ಆ ಮನೆಯವನಾಗಿ ಅಂಗಳದಲ್ಲಿ ನಿಂತಿರಬೇಕಂತೆ. ನಿನ್ನಪ್ಪನಿಗೆ ಮಗನಾಗಿ ಹುಟ್ಟುವ ಕಾಲ ಮೀರಿತು. ಮನೆಯವನಾಗುವುದಕ್ಕೆ ಇನ್ನೊಂದು ದಾರಿ ಇದೆ, ಅದಕ್ಕೆ ಮೊದಲು ನೀನು ಒಪ್ಪಬೇಕು. ಒಪ್ಪಿದರೆ ಒಂದು ಮಿಸ್ಡ್ ಕಾಲ್ ಸಾಕು. ಆದರೆ ಅದಕ್ಕೂ ಮುಂಚೆ ಒಂದು ವಿಷಯ ಹೇಳಿಬಿಡಬೇಕು, ಮುಚ್ಚಿಟ್ಟರೆ ಮೋಸವಾಗುತ್ತದೆ. ನಾನು ಚಹಾ ಕುಡಿಯುವವನು. ದಿನಾ ಅಂಗಡಿಯ ಹಿಂದಿನ ಭಯ್ಯಾನ ಹತ್ತಿರ ಕದ್ದು ಕುಡಿದು ಬಂದು ಕಾಫಿ ಹೊಗಳುತ್ತೇನೆ. ಶನಿವಾರ ಎಲ್ಲರೂ ಹೋದ ಮೇಲೆ ನಿನ್ನ ಡಬ್ಬಿಯ ಕೊನೆಯ ಅರ್ಧ ಕಪ್ಪು ಕುಡಿದು ನೋಡಿದೆ. ಚಹಾ ಅಲ್ಲ ಅನ್ನುವುದೊಂದು ಬಿಟ್ಟರೆ, ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.