ಎರಡೂ ಎಡತೋಳು

ಭಾನುವಾರ, ಜುಲೈ ೧೪

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಸೌಖ್ಯವೆಂದುಕೊಂಡಿದ್ದೇನೆ. ಕಾಗದ ಇಷ್ಟು ತಡವಾಯಿತೆಂದು ಬೈದುಕೊಂಡಿರುತ್ತೀಯ; ಬೈಯಿ, ಪರವಾಗಿಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಅಕ್ಷರಗಳು ಈಜಾಡತೊಡಗುತ್ತವೆ. ಇದನ್ನೂ ಕಿಟಕಿಗೆ ಹೊದಿಕೆ ಕಟ್ಟಿಕೊಂಡು, ಬಿಟ್ಟು ಬಿಟ್ಟು ಬರೆಯುತ್ತಿದ್ದೇನೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಊಟದ ಹೊತ್ತಿಗೆ ಶಟರ್ ಅರ್ಧ ಎಳೆಯುತ್ತಾರೆ, ಗಿರಾಕಿಗಳು ನುಗ್ಗದಿರಲಿ ಎಂದು. ಬಗ್ಗಿ ಒಳಗೆ ಬರುವವರಿಗೆಲ್ಲ "ತಲೆ ಜೋಪಾನ" ಎಂದು ಕೂಗುವವಳು ನಾನೇ. ಆವತ್ತು ನಾನು ಕೈ ತೊಳೆದು ಬರುವಾಗ ಕೂಗಲು ಯಾರೂ ಇರಲಿಲ್ಲ. ಶಟರಿನ ಅಂಚು ತಲೆಗೆ ಬಡಿಯಿತು. ರಕ್ತ ಬರಲಿಲ್ಲ, ಒಂದು ಬುಗುಟು ಎದ್ದಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬುಗುಟು ಇಳಿದ ಮೇಲೆ ಶುರುವಾಯಿತು ನೋಡು. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮೆಷಿನ್ ಸದ್ದಿಗೆ ತಲೆ ಸಿಡಿಯುತ್ತದೆ. ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಒಂದು ದಿನ "ಕತ್ತರಿ" ಎನ್ನುವ ಪದವೇ ನಾಲಿಗೆಗೆ ಬರಲಿಲ್ಲ, ಅದನ್ನು ಹಿಡಿದೇ ಹೊಟ್ಟೆ ಹೊರೆದವಳಿಗೆ.

ಆಮೇಲೆ ಶಾಲೆಯ ಅಂಗಿಗಳ ಕೆಲಸ ಬಂತು. ಗೆರೆ ಅಚ್ಚಾದ ಬಟ್ಟೆ. ಪದರಗಳನ್ನು ಮುಖಕ್ಕೆ ಮುಖ ಸೇರಿಸಿ ಹಾಸಿದರೆ ಎಡತೋಳು, ಬಲತೋಳು ಜೊತೆಯಾಗಿ ಬರುತ್ತವೆ. ನನಗೆ ಗೆರೆಗಳೆಲ್ಲ ಹರಿದಾಡಿದಂತೆ ಕಂಡು, ಎಲ್ಲವನ್ನೂ ಒಂದೇ ಮಗ್ಗುಲಾಗಿ ಹಾಸಿ ಕತ್ತರಿಸಿಬಿಟ್ಟೆ. ಬರೀ ಎಡತೋಳು. ಒಳಮಗ್ಗುಲು ಬಿಳಿಚಿದ ಬಟ್ಟೆ, ತಿರುಗಿಸಿ ಹೊಲಿಯಲೂ ಬಾರದು.

"ಯಾವ ಮಕ್ಕಳಿಗಮ್ಮ ಎರಡೂ ಎಡಗೈ ಇರುತ್ತೆ?" ಎಂದರು ಅಂಗಡಿ ಯಜಮಾನರು. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮರುದಿನದಿಂದ ನನಗೆ ಗುಂಡಿ ಹಚ್ಚುವ ಕೆಲಸ.

ಡಾಕ್ಟರುಗಳ ಕಥೆ ಕೇಳು. ಮೊದಲನೆಯವರು ಸ್ಕ್ಯಾನ್ ಹಿಡಿದು, "ಎಲ್ಲಾ ಚೆನ್ನಾಗಿದೆ, ರೆಸ್ಟ್ ತಗೊಳಿ" ಎಂದರು. ಎರಡನೆಯವರು ತಲೆ ಎತ್ತದೆ, "ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇದ್ದಿದ್ದೇ" ಎಂದು ನಿದ್ರೆ ಮಾತ್ರೆ ಬರೆದರು. ಆ ಮಾತ್ರೆ ನುಂಗಿ ಕೆಲಸದ ಮೇಜಿನ ಮೇಲೇ ಗೊರಕೆ ಹೊಡೆದೆ, ನಗಬೇಡ. ಕೈಯೋ ಕಾಲೋ ಮುರಿದಿದ್ದರೆ ಪಟ್ಟಿ ನೋಡಿಯಾದರೂ ನಾಲ್ಕು ಜನ ಕೇಳುತ್ತಿದ್ದರು. ಸಂಜೆ ಬಂದು ದೀಪ ಹಾಕದೆ ಕೂರುತ್ತೇನೆ. ಬಹಳ ಒಂಟಿ ಅನ್ನಿಸುತ್ತದೆ ಪುಟ್ಟಿ.

ಮೊನ್ನೆ ಮೂರನೆಯ ಡಾಕ್ಟರನ್ನು ಕಂಡೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆನ್ನನ್ನು ನನ್ನ ಮೂಗಿನ ಹತ್ತಿರ ತಂದಳು; ಒಂದು ಪೆನ್ನು ಎರಡಾಯಿತು. ಕಣ್ಣು ಮುಚ್ಚಿಸಿ, ಒಂದು ಪಾದದ ಮುಂದೆ ಇನ್ನೊಂದನ್ನು ಇಡಿಸಿ ನಿಲ್ಲಿಸಿದಳು; ವಾಲಿದೆ, ಹಿಡಿದುಕೊಂಡಳು.

"ಪೆಟ್ಟು ಬಿದ್ದಾಗ ಮೆದುಳು ಅಲುಗಿದೆ. ಇದು ಅದರದ್ದೇ ತೊಂದರೆ. ಸ್ಕ್ಯಾನಲ್ಲಿ ಕಾಣಲ್ಲ, ಆದ್ರೆ ಇದೆ" ಎಂದಳು. ಕಣ್ಣಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾಳೆ. ನಿಧಾನವಾಗಿ ಇಳಿಯಬಹುದಂತೆ, ಎಷ್ಟು ದಿನವೆಂದು ಹೇಳಲಾಗದಂತೆ. ಕಾಯಿಲೆ ಇದೆ ಎಂದು ಹೇಳಿಸಿಕೊಂಡು ಯಾರಾದರೂ ಖುಷಿಪಡುತ್ತಾರೆಯೇ? ನಾನು ಅಲ್ಲೇ ಅತ್ತುಬಿಟ್ಟೆ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನೀನು ನೂರು ಕಾಲ ನೆಮ್ಮದಿಯಾಗಿ ಬಾಳು ತಾಯಿ.

ನಿನ್ನ
ಅಕ್ಕ

ಮರೆತಿದ್ದೆ: ಹೋದ ತಿಂಗಳು ನೀನು ಫೋನ್ ಮಾಡಿ, ಮಾತು ಮುಗಿಸಿದ ಮೇಲೆ ಅದು ಕಟ್ ಆಗಿರಲಿಲ್ಲ. "ಅಕ್ಕಂದು ಮೊದಲಿಂದಲೂ ಇದೇ, ನಾಲ್ಕು ಜನ ಅಯ್ಯೋ ಅನ್ನಲಿ ಅಂತ ನಾಟಕ" ಎಂದು ನೀನು ನಿನ್ನ ಯಜಮಾನರಿಗೆ ಹೇಳಿದ್ದು ಕೇಳಿಸಿತು. ಕೇಳಿಸಿಕೊಂಡೂ ನಾನು ಫೋನ್ ಇಡಲಿಲ್ಲ. ನಿಮ್ಮ ಮನೆಯ ಪಾತ್ರೆ ಸದ್ದು, ಮಕ್ಕಳ ಜಗಳ, ಎಲ್ಲಾ ತಲೆಗೆ ಸುತ್ತಿಗೆಯಲ್ಲಿ ಹೊಡೆದಂತಿತ್ತು. ಆದರೂ ನೀವಾಗಿ ಫೋನ್ ನಿಲ್ಲಿಸುವವರೆಗೂ ಕಿವಿಗಿಟ್ಟುಕೊಂಡೇ ಕೂತಿದ್ದೆ. ಮುಂದಿನ ಸಲ ಮನೆಯವರಲ್ಲಿ ಯಾರನ್ನಾದರೂ ಕರೆತನ್ನಿ ಎಂದಿದ್ದಾಳೆ ಡಾಕ್ಟರು. ತಂಗಿ ಬರುತ್ತಾಳೆ ಎಂದು ಹೇಳಿ ಬಂದಿದ್ದೇನೆ.