ಇಲಿ ತಿಂದ ಸಿಹಿ

ಕೆಂಗೇರಿ,
೨೫-೨-೧೯೫೭

ರಾಜಾಜಿನಗರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನನ್ನ ಮಗಳು ಪ್ರಭಾಗೆ ನಿನ್ನವ್ವ ಮನಸಾರೆ ಹರಸಿ ಬರೆಯುವುದು.

ಇಲಿಗಳ ಕಥೆಯನ್ನು ನಮ್ಮ ಜಗುಲಿಯಲ್ಲಿ ಮೊದಲು ಹೇಳಿದವನು ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನಾಣಿ, ಹೋದ ಹುಣ್ಣಿಮೆಯ ಸಂಜೆ. ಪೇಪರಿನಲ್ಲಿ ಓದಿದನಂತೆ. ಕಡಲಾಚೆಯ ಒಂದೂರಿನಲ್ಲಿ ಬಿಳಿ ಇಲಿಗಳನ್ನು ಗಾಜಿನ ಮನೆಯಲ್ಲಿಟ್ಟು, ರಾಜಕುಮಾರರಿಗೆ ಉಣಿಸುವ ಹಾಗೆ ದಿನವೂ ಸ್ಯಾಕರಿನ್ ಎಂಬ ಸಿಹಿಮಾತ್ರೆ ಬೆರೆಸಿದ ಊಟ ಹಾಕಿದರಂತೆ. ಕೆಲವಕ್ಕೆ ಕಾಯಿಲೆ ಬಂತಂತೆ. ಬೆಳದಿಂಗಳಲ್ಲಿ ಕೂತು ಕೇಳುತ್ತಿದ್ದರೆ ಆ ಇಲಿಗಳು ನಮ್ಮ ಅಂಗಳದಲ್ಲೇ ಸಾಲಾಗಿ ಕೂತು ಉಣ್ಣುತ್ತಿವೆಯೇನೋ ಅನ್ನಿಸಿತು. ನಿಮ್ಮಯ್ಯ ಮಾತ್ರ ಲೋಟ ಕೆಳಗಿಟ್ಟರು. ಸಕ್ಕರೆ ಕಾಯಿಲೆಗೆಂದು ಬೆಲ್ಲ ಬಿಡಿಸಿದ ಡಾಕ್ಟರು ಅವರ ಕಾಫಿಗೆ ಬರೆದುಕೊಟ್ಟದ್ದು ಅದೇ ಮಾತ್ರೆ ತಾನೆ?

ಮಾರನೆಯ ದಿನದಿಂದ ಮತ್ತೆ ಬೆಲ್ಲದ ಕಾಫಿ. ಮಾಯುತ್ತಾ ಬಂದಿದ್ದ ಕಾಲಿನ ಹುಣ್ಣು ವಾರದೊಳಗೆ ಬಾಯಿ ತೆರೆಯಿತು. ಹೀಗೇ ಆದರೆ ಬೆರಳು ತೆಗೆಯಬೇಕಾಗುತ್ತೆ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದಕ್ಕೇ ನಿನಗೆ ಅವಸರದಲ್ಲಿ ಬರೆದು ಕೇಳಿದ್ದು.

ನಿನ್ನ ಉತ್ತರವನ್ನು ಎಲ್ಲರೆದುರಿಗೂ ಓದಿದೆ. ಕಾಯಿಲೆ ಬಿದ್ದ ಇಲಿಗಳ ಊಟದಲ್ಲಿ ನೂರಕ್ಕೆ ಐದು ಪಾಲು ಸ್ಯಾಕರಿನ್ನೇ ಇತ್ತು, ಅಯ್ಯ ಆ ಲೆಕ್ಕದಲ್ಲಿ ತಿನ್ನಬೇಕಾದರೆ ಪ್ರತಿ ಮುದ್ದೆಗೂ ಹಿಡಿ ಹಿಡಿ ಮಾತ್ರೆ ಕಲಸಬೇಕು, ಅದೂ ಬದುಕಿರುವ ತನಕ ಎಂದು ನೀನು ಬರೆದಿದ್ದೆ. ಕಡಿಮೆ ತಿಂದ ಇಲಿಗಳು ಚೆನ್ನಾಗಿಯೇ ಇದ್ದವಂತೆ, ಅದನ್ನು ನಾಣಿ ಓದಲೇ ಇಲ್ಲ. ಇಲಿಗಾದದ್ದು ಮನುಷ್ಯರಿಗೆ ಆಗಲೇಬೇಕೆಂದಿಲ್ಲ, ಆಗುವುದೇ ಇಲ್ಲವೆಂದೂ ಯಾರೂ ಖಂಡಿತವಾಗಿ ಹೇಳಿಲ್ಲ, ಆದರೆ ಬೆಲ್ಲ ಏನು ಮಾಡುತ್ತದೆಂದು ಅಯ್ಯನ ಕಾಲೇ ಹೇಳುತ್ತಿದೆ ಎಂದೂ ಬರೆದಿದ್ದೆ.

ನಿಮ್ಮಯ್ಯ, ಅವಳು ಕಾಗದದಲ್ಲಿ ನೋಡವ್ಳೆ, ನಾನು ಕಣ್ಣಲ್ಲಿ ನೋಡಬೇಕು ಕಣೇ, ಅಂದರು. ಪಕ್ಕದ ಮನೆ ಬೆಟ್ಟಯ್ಯ, ನಿನ್ನ ಕಣಜದಲ್ಲಿ ಇಲಿಗೇನು ಕಮ್ಮೀನಾ ಅಣ್ಣ, ಅವಕ್ಕೇ ಹಾಕು. ಸತ್ತರೆ ರಾಗಿ ಉಳೀತು, ಬದುಕಿದ್ರೆ ನೀನು ಉಳ್ದೆ, ಅಂದ. ಇವು ಬಿಳಿ ಇಲಿ ಅಲ್ವಲ್ಲ ಎಂದು ನಾಣಿ ಗೊಣಗಿದ. ಬಿಳೀದು ತರೋಕೆ ನಿನ್ನ ರೈಲು ಕಡಲು ದಾಟ್ತದೇನೋ ಎಂದು ಬೆಟ್ಟಯ್ಯ ಅವನ ಬಾಯಿ ಮುಚ್ಚಿಸಿದ.

ತೆಂಗಿನ ಚಿಪ್ಪಿನಲ್ಲಿ ಅರ್ಧ ಸೀಸೆ ಮಾತ್ರೆ ಸುರಿದು, ಕಣಜದ ಪಕ್ಕ ಇಟ್ಟು ಮಲಗಿದೆವು. ನಿಮ್ಮಯ್ಯ ನಿದ್ದೆಯಲ್ಲಿ ಯಾರಿಗೋ ಬಡಿಸುತ್ತಿದ್ದರು. ಇನ್ನೊಂಚೂರು ಹಾಕ್ಕೊಳ್ಳಪ್ಪ, ನಾಚ್ಕೋಬೇಡ, ಅನ್ನುತ್ತಿದ್ದರು.

ಬೆಳಿಗ್ಗೆ ಹೊಳೆಯ ಮಂಜು ಹೊಸಿಲ ತನಕ ಬಂದು ನಿಂತಿತ್ತು. ಅದರೊಳಗಿಂದ ಬೆಟ್ಟಯ್ಯನೂ ನಾಣಿಯೂ ಮೆಲ್ಲಗೆ ಮೂಡಿಬಂದರು. ಚಿಪ್ಪು ಬರಿದಾಗಿತ್ತು. ಅಷ್ಟರಲ್ಲಿ ಒಂದು ದಪ್ಪ ಇಲಿ ತೊಲೆಯ ಮೇಲೆ ಓಡಿಬಂದು, ನಿಂತು, ನಮ್ಮನ್ನೆಲ್ಲ ನೋಡಿ, ಮೀಸೆ ಕುಣಿಸಿ ಹೋಯಿತು. ಅಷ್ಟು ತಿಂದೂ ಹಿಂಗೈತಲ್ಲೇ ಎಂದು ನಿಮ್ಮಯ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒಂದು ರಾತ್ರಿಯಲ್ಲಿ ಏನು ತಿಳಿಯುತ್ತದೆ ಎಂದು ನೀನು ಬಯ್ಯುತ್ತೀಯ, ಗೊತ್ತು. ನಾಣಿ ಪೆಚ್ಚುಮೋರೆ ಹಾಕಿಕೊಂಡು ಮೊದಲ ರೈಲಿಗೆ ಓಡಿದ. ಬೆಟ್ಟಯ್ಯ ಇಲಿಬೋನು ಹುಡುಕಲು ಹೋದ. ನಿಮ್ಮಯ್ಯ ಮಾತ್ರೆ ಹಾಕಿದ ಕಾಫಿಯನ್ನು ಕೊನೆಯ ಗುಟುಕಿನ ತನಕ ಕುಡಿದರು.

ಇಂತಿ ನಿನ್ನವ್ವ,
ಚಿಕ್ಕಲಕ್ಷ್ಮಮ್ಮ

ತಾ.ಕ.: ಇಲಿಗಳು ಆ ಮಾತ್ರೆಯನ್ನು ಮೂಸಿಯೂ ನೋಡಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಚಿಪ್ಪಿನಲ್ಲಿದ್ದದ್ದನ್ನೆಲ್ಲ ತಿಪ್ಪೆಗೆ ಸುರಿದುಬಂದವಳು ನಾನು. ಈ ಕಾಗದವನ್ನು ಓದಿ ಒಲೆಗೆ ಹಾಕು. ಇನ್ನೊಂದು ಸೀಸೆ ಬೇಗ ಕಳಿಸು.