ಲತೀಶ್ ಕೇಳಿದ ಹೆಸರು

ಜುಲೈ 9, ಬುಧವಾರ

ನಿದ್ರೆ ಬರುತ್ತಿಲ್ಲ. ಮರ್ಕಂಜದಿಂದ ನಮ್ಮ ಆಸ್ಪತ್ರೆಗೆ ತರುತ್ತಿದ್ದ ಮಗು ಬೆಳಿಗ್ಗೆ ಆಂಬುಲೆನ್ಸಿನಲ್ಲೇ ತೀರಿಕೊಂಡಿತು. ಓಡಿಸಿದ್ದು ನಮ್ಮ ಲತೀಶ್. ಮಧ್ಯಾಹ್ನ ಊಟದ ಕೋಣೆಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಅವನ ತಟ್ಟೆಯ ಅನ್ನ ಮಾತ್ರ ಹಾಗೇ ಇತ್ತು. ಉಳಿದ ನರ್ಸುಗಳು ಎದ್ದುಹೋದ ಮೇಲೆ ಪಕ್ಕದಲ್ಲಿ ಕುಳಿತೆ.

"ಎಂತ ಮಾರಾಯ?"

"ಎಂತ ಇಲ್ಲಕ್ಕ."

ನಾನು ಏಳಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕಣ್ಣೆದುರೇ ತೀರಿಹೋದ ಬಾಣಂತಿಯ ವಿಷಯ ಹೇಳಿದೆ. ಹನ್ನೊಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಅವನು ಅತ್ತುಬಿಟ್ಟ.

"ಐದು ನಿಮಿಷ ಬೇಗ ಬರ್ಲಿಕ್ಕೆ ಆಗ್ತಿತ್ತಾ ಅಕ್ಕ?"

ಇಲ್ಲ ಎಂದೆ. ನಿಜವೋ ಸುಳ್ಳೋ, ಗೊತ್ತಿಲ್ಲ.

ಮುಖ ತೊಳೆದು ಬಂದವನು, "ಆ ಬಾಣಂತಿಯ ಹೆಸರೆಂತ ಅಕ್ಕ?" ಎಂದ. ನಾನು ಅವನ ತಟ್ಟೆ ಎತ್ತಿಕೊಂಡು ಎದ್ದೆ.

"ಇರ್ಲಿ. ನಾಳೆ ಊಟ ಒಟ್ಟಿಗೆ ಮಾಡುವ, ಆಗ ಹೇಳಿ," ಎಂದ.

ಕುಸುಮಾವತಿ. ಹೆಸರು ಬರೆಯಲು ಬಂತು. ನಾಳೆ ಬಾಯಿಬಿಟ್ಟು ಹೇಳಲು...